ಗೇಣು

ಹೆಡ್‌ಲೈಟಿನ ಡೂಮು ಬಿಚ್ಚಿ ಇಳಿಸಿದರೆ
ಒಳಗೆ ಮೊದಲು ಸಿಕ್ಕಿದ್ದು ಮರಳು,
ಆಮೇಲೆ ಬೂತಾಯಿಯ ಎರಡು ಹುರುಪೆ,
ಆಮೇಲೆ ವಯರು.
ಹತ್ತೊಂಬತ್ತು ವರ್ಷದ ಗಾಡಿ, ಬಂದರಿನ ಗಾಡಿ,
ತಾಮ್ರವೆಲ್ಲ ಕಿಲುಬು.

ದೂಜ ತಿಂಗಳಾಯ ಬಾಗಿಲಲ್ಲೇ ನಿಂತಿದ್ದಾನೆ,
ಎಡಗೈ ಲುಂಗಿಯ ಮಡಿಕೆಯೊಳಗೆ.
"ಎಲ್ಲ ಬಲಕ್ಕೆ ತನ್ನಿ ಬಾಯಮ್ಮ,
ಹಾರ್ನು, ಇಂಡಿಕೇಟರು, ಡಿಮ್ಮು ಡಿಪ್ಪು, ಎಲ್ಲ."
ಯಾಕೆ ಅಂತ ನಾನು ಕೇಳಲಿಲ್ಲ.
ಮಲ್ಪೆಯಲ್ಲಿ ಯಾರೂ ಕೇಳುವುದಿಲ್ಲ.
ವಿಂಚಿಗೆ ಹಗ್ಗ ಸುತ್ತುವಾಗ
ಸುತ್ತುಗಳ ನಡುವೆ ಏನೇನು ಸಿಕ್ಕಿಕೊಳ್ಳುತ್ತದೆಂದು
ಇಲ್ಲಿ ಅಂಗನವಾಡಿಯ ಮಕ್ಕಳಿಗೂ ಗೊತ್ತು.

ಕ್ಲಚ್ಚಿಗೆ ನಾಲ್ಕು ಬೆರಳು ಸಾಕು, ಅವು ಇವೆ.
ಮಿಕ್ಕಿದ್ದೆಲ್ಲ ಹೆಬ್ಬೆರಳಿನ ಕೆಲಸ.
ಗಾಡಿ ಮಾಡಿದವನು ಲೆಕ್ಕ ಹಾಕಿದ್ದೇ ಹಾಗೆ,
ಎಲ್ಲರಿಗೂ ಎರಡೆರಡು ಇರುತ್ತವೆಂದು.

ತಿಳಿಹಸಿರು ಹಾರ್ನಿನದು.
ಕಿತ್ತಳೆ ಎಡಕ್ಕೆ, ತಿಳಿನೀಲಿ ಬಲಕ್ಕೆ,
ಬೂದು ಫ್ಲಾಷರಿನಿಂದ ಬಂದದ್ದು.
ಬಿಳಿ ಹತ್ತಿರದ ಬೆಳಕು, ನೀಲಿ ದೂರದ್ದು.
ರಾತ್ರಿ ತೇರ್ಸ್ ಮುಗಿದ ಮೇಲೆ
ಅಪ್ಪ ಹೀಗೇ ಬಾಯಿಪಾಠ ಮಾಡಿಸಿದ್ದ,
ವಯರಿನ ತುಂಡು ಒಂದೊಂದಾಗಿ ಮೇಲೆತ್ತಿ.
ಹುಡುಗಿಗೆ ಯಾಕೆ ಇದೆಲ್ಲ ಎಂದ ಮಾಮನಿಗೆ
ಮ್ಯಾಗ್ನೆಟ್ಟಿನ ಕರೆಂಟು ಸ್ವಲ್ಪ ರುಚಿ ತೋರಿಸಿದ್ದ.

ತಾಪತ್ರಯ ಬಣ್ಣದ್ದಲ್ಲ, ಉದ್ದದ್ದು.
ಎಡದಿಂದ ಬಲಕ್ಕೆ ದಾಟಬೇಕಾದರೆ
ಹ್ಯಾಂಡಲಿನ ಕುತ್ತಿಗೆಯ ಹಿಂದಿನಿಂದ,
ಕೇಬಲ್ಲುಗಳ ಅಡಿಯಿಂದ,
ಪೂರ್ತಿ ತಿರುಗಿಸಿದರೂ ಎಳೆಯಬಾರದು,
ನೇರ ಇದ್ದಾಗ ಟ್ಯಾಂಕಿಗೆ ಉಜ್ಜಬಾರದು.
"ಎಷ್ಟು ಜಾಸ್ತಿ ಬೇಕಾದೀತು?"
"ಒಂದು ಗೇಣು" ಅಂದೆ.

ಅಂದವಳು ನಾಲಿಗೆ ಕಚ್ಚಿಕೊಂಡೆ.
ಅಷ್ಟರಲ್ಲಿ ಅವನು ಕೈ ಹೊರಗೆ ತೆಗೆದು
ವಯರಿನ ಮೇಲೆ ಚಾಚಿಯಾಗಿತ್ತು.
ಈ ತುದಿಯಲ್ಲಿ ಕಿರುಬೆರಳು,
ಆ ತುದಿಯಲ್ಲಿ ಮಿರಮಿರ ಹೊಸ ಚರ್ಮ.
ಮೂರು ಗೇಣಿನ ಅಂಜಲ್, ನಾಲ್ಕು ಗೇಣಿನ ಅಂಜಲ್ ಅಂತ
ಏಲದ ಕಟ್ಟೆಯಲ್ಲಿ ಕೂಗಿದ ಕೈ.
"ನನ್ನ ಗೇಣು ಈಗ ಗಿಡ್ಡ" ಎಂದು ನಕ್ಕ,
"ನಿಮ್ಮದರಲ್ಲೇ ಅಳೆಯಿರಿ.
ಅಕ್ಕಿ ಅಂಗಡಿಯ ಮೆಷಿನ್ನು ಮಾತ್ರ
ಹಳೆಯ ಹೆಬ್ಬೆಟ್ಟೇ ಬೇಕು ಅನ್ನುತ್ತದೆ."

ಕತ್ತರಿಸಿದೆ. ತಾಮ್ರ ಕೆಂಪಾಗುವವರೆಗೆ ಕೆರೆದೆ.
ಎಳೆಗೆ ಎಳೆ ಹೊಸೆದು, ಸೀಸ ಬಿಟ್ಟು,
ಸ್ಲೀವು ಜಾರಿಸಿ, ಬೆಂಕಿಕಡ್ಡಿ ಹಿಡಿದರೆ
ಅದು ತಾನಾಗಿ ಬಿಗಿದುಕೊಳ್ಳುತ್ತದೆ.
ಗಂಟುಗಳೆಲ್ಲ ಒಂದೇ ಕಡೆ ಬರಬಾರದು,
ಒಂದು ಇಲ್ಲಿ, ಒಂದು ಎರಡು ಬೆರಳು ಆಚೆ,
ಇಲ್ಲದಿದ್ದರೆ ಊದಿಕೊಂಡು ಎಲ್ಲೂ ತೂರುವುದಿಲ್ಲ.

"ಎಡದ ಸ್ವಿಚ್ಚು ಬಿಚ್ಚಿಬಿಡಲೇ?"
ಅವನು ರಸ್ತೆಯ ಕಡೆ ನೋಡಿದ.
"ಇರಲಿ. ಅದು ಏನೂ ಮಾಡುವುದಿಲ್ಲವಲ್ಲ."
ಅದರ ಸತ್ತ ವಯರುಗಳಿಗೂ
ಒಂದೊಂದಕ್ಕೆ ಬೇರೆ ಬೇರೆ ಟೇಪು ಸುತ್ತಿದೆ.
ಸತ್ತವೂ ಒಂದಕ್ಕೊಂದು ತಾಗಬಾರದು.

ಕೊಡವೂರಿನ ಕಡೆಗೆ ಒಂದು ಸುತ್ತು ಹೋದ.
ತಿರುವಿನಲ್ಲಿ ಐಸಿನ ಲಾರಿ.
ನಾನು ನೋಡುತ್ತಿದ್ದೆ: ಮೊದಲು ಅಲುಗಿದ್ದು ಎಡ ಮಣಿಕಟ್ಟು,
ಇಲ್ಲದ್ದು ಹೋಗಿ ಇಲ್ಲದ ಹಾರ್ನನ್ನು ಒತ್ತಿತು.
ಆಮೇಲೆ ಬಲಗಡೆಯಿಂದ ಶಬ್ದ ಬಂತು.

ಬಂದು ಸ್ಟ್ಯಾಂಡು ಹಾಕಿದ.
"ಹಾರ್ನು ಸ್ವಲ್ಪ ತಡ ಬಾಯಮ್ಮ."
"ವಯರು ಉದ್ದ ಆಯಿತಲ್ಲ" ಅಂದೆ.
ಒಂದು ಗೇಣು ದಾಟಲು ಕರೆಂಟಿಗೆ
ಹೊತ್ತು ಬೇಡ ಅಂತ ಅವನಿಗೂ ಗೊತ್ತು.
"ಹೌದು ಹೌದು, ಉದ್ದ ಆಯಿತು" ಅಂದ.

ಇನ್ನೂರೈವತ್ತು ಅಂದೆ.
ತೋರುಬೆರಳು ನಡುಬೆರಳಿನ ಸಂದಿಯಲ್ಲಿ
ಬೀಡಿಯ ಹಾಗೆ ಹಿಡಿದು
ಐನೂರರ ನೋಟು ಕೊಟ್ಟ, ಎಡಗೈಯಲ್ಲೇ.
ಚಿಲ್ಲರೆ ಇರಲಿಲ್ಲ.
"ನಾಳೆ ಬರುತ್ತೇನೆ, ಬರಲೇಬೇಕು,
ಹಿಂದಿನ ಲೈಟು ಎಲ್ಲಿ ಉರಿಯುತ್ತಿದೆ?"
ಹೋದ. ಉರಿಯುತ್ತಿರಲಿಲ್ಲ.